ಭೀಮಾತೀರದ ಹಬಶಿಗಳು: ಚಿತ್ರ, ಹೆಸರು ಮತ್ತು ದಾಖಲೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಕಲಬುರಗಿ ನಗರವನ್ನು ವಾಯವ್ಯದಿಂದ ದಕ್ಷಿಣದವರೆಗೆ ಬಳಸಿಕೊಂಡಿವೆ. ಇವುಗಳ ಚರಿತ್ರೆ ಬರೆದವರು ಶರಣರಿಗೆ, ಸೂಫಿಗಳಿಗೆ, ಬಹಮನಿ ಸುಲ್ತಾನರಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಆಫ್ರಿಕದಿಂದ ಬಂದ ಹಬಶಿಗಳಿಗೆ ಸಿಕ್ಕಿರುವುದು ಒಂದೆರಡು ಸಾಲು, ಅದೂ ದರ್ಬಾರಿನ ಒಳಜಗಳದ ಪ್ರಸಂಗದಲ್ಲಿ. 15ನೆಯ ಶತಮಾನದ ಕೊನೆಗೆ ಬಹಮನಿ ರಾಜ್ಯ ಒಡೆಯುತ್ತಿದ್ದಾಗ ಕಲಬುರಗಿ ಸೀಮೆ ದಸ್ತೂರ್ ದಿನಾರ್ ಎಂಬ ಹಬಶಿ ಸರದಾರನ ಕೈಯಲ್ಲಿತ್ತು. ಆತ ಬಂಡೆದ್ದ, ಸೋತ, ಮತ್ತೆ ಅದೇ ಜಾಗೀರಿಗೆ ಬಂದ. ಕೊನೆಗೆ 1504ರ ಸುಮಾರಿಗೆ ಬಿಜಾಪುರದ ಯೂಸುಫ್ ಆದಿಲ್ ಖಾನನೊಡನೆ ಕಾದಾಡಿ ಸತ್ತ. ಆ ಮೇಲೆ ಕಲಬುರಗಿ ಬಿಜಾಪುರದ ಪಾಲಾಯಿತು. ಇಷ್ಟನ್ನು ಚರಿತ್ರೆಕಾರ ಫರಿಷ್ತಾ ಬರೆದಿಟ್ಟಿದ್ದಾನೆ. ಫರಿಷ್ತಾ ಬದುಕಿದ್ದು ಆದಿಲ್‌ಶಾಹಿಗಳ ಆಶ್ರಯದಲ್ಲಿ, ಅಂದರೆ ಗೆದ್ದವರ ಮನೆಯಲ್ಲಿ ಎಂಬುದನ್ನು ಓದುಗರು ಮರೆಯಬಾರದು.

ಹಬಶಿ ಸಮುದಾಯದ ಚಿತ್ರಗಳನ್ನೂ ನೆನಪುಗಳನ್ನೂ ಕಾಪಿಡುವುದು ಹೇಗೆಂಬ ಪ್ರಶ್ನೆಯನ್ನು ಫೋಟೋಗಳಿಂದ ಆರಂಭಿಸಲಾಗದು. ಫೋಟೋಗ್ರಫಿ ಹುಟ್ಟಿದ್ದೇ 19ನೆಯ ಶತಮಾನದಲ್ಲಿ. ದಖ್ಖನಿನ ಹಬಶಿ ಸರದಾರರ ಏಳುಬೀಳು ಅಷ್ಟರಲ್ಲಿ ಮುಗಿದಿತ್ತು. ಅವರ ಮುಖಗಳು ಉಳಿದಿರುವುದು ಚಿಕಣಿ (ಮಿನಿಯೇಚರ್) ಚಿತ್ರಗಳಲ್ಲಿ. ಇವುಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು, 1645ರ ಸುಮಾರಿಗೆ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಬರೆದದ್ದು. ಬಿಜಾಪುರದ ಮುಹಮ್ಮದ್ ಆದಿಲ್ ಶಾಹ ಆನೆಯ ಮೇಲೆ ಮುಂದೆ ಕೂತಿದ್ದಾನೆ; ಅವನ ಬೆನ್ನಿಗೇ ಹಬಶಿ ಮಂತ್ರಿ ಇಖ್ಲಾಸ್ ಖಾನ್. ರಾಜನಿಗೂ ಮಂತ್ರಿಗೂ ನಡುವೆ ಗೇಣು ಅಂತರವಿಲ್ಲ. ಇನ್ನೊಂದು, ಮೊಗಲ್ ಚಿತ್ರಕಾರ ಅಬುಲ್ ಹಸನ್ 1616ರ ಸುಮಾರಿಗೆ ಬರೆದು, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವುದು. ಭೂಗೋಳದ ಮೇಲೆ ನಿಂತ ಜಹಾಂಗೀರ, ಈಟಿಯ ತುದಿಗೆ ಸಿಕ್ಕಿಸಿದ ಮಲಿಕ್ ಅಂಬರನ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದನಗರದ ರಾಜ್ಯಭಾರವನ್ನೇ ಹೊತ್ತ ಅಂಬರ ಮೊಗಲರ ಕೈಗೆ ಕೊನೆಯವರೆಗೂ ಸಿಗಲಿಲ್ಲ. 1626ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ, ಸಹಜವಾಗಿ ತೀರಿಕೊಂಡ. ಚಿತ್ರದಲ್ಲಿರುವ ಸಾವು ನಡೆದೇ ಇಲ್ಲ.

ಯಾರು, ಯಾರಿಗಾಗಿ, ಯಾವಾಗ ಬರೆದದ್ದು ಎಂಬ ವಿವರ ಕಳೆದುಹೋಗಿದ್ದರೆ ಈ ಎರಡನೆಯ ಚಿತ್ರವನ್ನು ನಾವು ಯುದ್ಧದ ಸಾಕ್ಷ್ಯವೆಂದೇ ಓದುತ್ತಿದ್ದೆವು. ನನ್ನ ವಾದ ಇಲ್ಲಿಂದ ಹೊರಡುತ್ತದೆ: ಕಾಪಿಡಬೇಕಾದದ್ದರಲ್ಲಿ ಚಿತ್ರ ಅರ್ಧ ಮಾತ್ರ, ಅದರ ಹಿಂದಿನ ಹೆಸರು, ಊರು, ಸಂದರ್ಭ ಉಳಿದರ್ಧ. ಸರದಾರರ ವಿಷಯದಲ್ಲಿ ಈ ಉಳಿದರ್ಧ ದಕ್ಕಿದೆ. ಸಾಮಾನ್ಯರ ವಿಷಯದಲ್ಲಿ ದಕ್ಕಿಲ್ಲ. ಬೀದರಿನ ಹಬಶಿ ಕೋಟೆಯ ಗುಡ್ಡದ ಮೇಲಿನ ಗೋರಿಗಳನ್ನು ಗುಲಾಂ ಯಜ್ದಾನಿ ಬೀದರಿನ ಸ್ಮಾರಕಗಳ ಕುರಿತ ತಮ್ಮ 1947ರ ಗ್ರಂಥದಲ್ಲಿ ದಾಖಲಿಸಿದರು. ಆದರೆ ಗೋರಿಯ ಮಾತು ಅಧಿಕಾರಸ್ಥರ ಮಾತು. ಅವರ ಲಾಯದಲ್ಲಿ ಕುದುರೆ ತಿಕ್ಕಿದವರಿಗೆ ಯಾರು ಗುಮ್ಮಟ ಕಟ್ಟಿಸಿಯಾರು?

ಕ್ಯಾಮೆರಾ ಬರುವ ಹೊತ್ತಿಗೆ ಈ ತಾಲೂಕುಗಳು ನಿಜಾಮನ ರಾಜ್ಯದಲ್ಲಿದ್ದವು. ಆಗ ಹೈದರಾಬಾದಿನಲ್ಲಿ ಆಫ್ರಿಕನ್ ಅಶ್ವದಳ (ಆಫ್ರಿಕನ್ ಕ್ಯಾವಲ್ರಿ) ಒಂದಿತ್ತು. ಅದರ ಹೆಸರು ಇಂದಿಗೂ ‘ಎ.ಸಿ. ಗಾರ್ಡ್ಸ್’ ಬಡಾವಣೆಯಲ್ಲಿ ಉಳಿದಿದೆ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ದಳ ಚದುರಿತು, ಸವಾರರ ಮಕ್ಕಳು ಬೇರೆ ಕಸುಬು ಹಿಡಿದರು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆ ಈ ಕಡೆ ಬಂತು, ನಿಜಾಮನ ದಫ್ತರಗಳು ಹೈದರಾಬಾದಿನಲ್ಲೇ ಉಳಿದವು. ಹೀಗಾಗಿ ಆಳಂದದ ಹಳೆಯ ಕಾಗದ ಹುಡುಕುವವನು ಇವತ್ತಿಗೂ ಪಾರಸಿ, ಉರ್ದು ಕಲಿತು ಅಲ್ಲಿನ ತಾರ್ನಾಕದ ಪತ್ರಾಗಾರದ ಬಾಗಿಲು ತಟ್ಟಬೇಕು.

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಆಫ್ರಿಕ ಮೂಲದವರೆಂದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಸಿದ್ದಿಗಳು ನೆನಪಾಗುತ್ತಾರೆ. ಅವರಲ್ಲಿ ಹೆಚ್ಚಿನವರ ಪೂರ್ವಿಕರು ಪೋರ್ಚುಗೀಸರ ಗೋವೆಯ ದಾರಿಯಿಂದ ಬಂದವರು. ಕಲಬುರಗಿಯ ಹಬಶಿ ಸರದಾರರ ನೇರ ಸಂತತಿಯೆಂದು ಅವರನ್ನು ಬರೆಯುವುದಕ್ಕೆ ಆಧಾರ ಬೇಕು. ಆದರೂ ಫೋಟೋ ಸಂರಕ್ಷಣೆಯ ಪ್ರಶ್ನೆ ಇಂದು ಜೀವಂತವಾಗಿರುವುದು ಅವರ ನಡುವೆಯೇ. ಟಿ.ಸಿ. ಪಾಲಾಕ್ಷಪ್ಪನವರ 1976ರ ಅಧ್ಯಯನದಿಂದ ಹಿಡಿದು, ಗುಜರಾತ್ ಮತ್ತು ಕರ್ನಾಟಕದ ಸಿದ್ದಿಗಳನ್ನು ಕುರಿತು ಕೇತಕಿ ಶೇಠ್ 2013ರಲ್ಲಿ ತಂದ ಫೋಟೋ ಪುಸ್ತಕದವರೆಗೆ ಹೊರಗಿನವರು ಅವರನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಪ್ರಮಾಣಪತ್ರಗಳ ಜೊತೆ ಪಾಸ್‌ಪೋರ್ಟ್ ಅಳತೆಯ ಫೋಟೋಗಳೂ ಬೆಳೆದವು. ಸಂಶೋಧಕನ ಫೋಟೋ, ಸರಕಾರಿ ಫೋಟೋ, ಮದುವೆ ಮನೆಯ ಫೋಟೋ ಮೂರೂ ಒಂದೇ ಮುಖವನ್ನು ಹಿಡಿದಿರಬಹುದು. ಮದುವೆಯ ಫೋಟೋದಲ್ಲಿ ಮಾತ್ರ ಆ ಮುಖ ತಾನು ಬಯಸಿದಂತೆ ನಿಂತಿರುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಉಳಿಸಬೇಕಾದದ್ದು ಅದನ್ನೇ.

ಉಳಿಸುವ ಕೆಲಸ ದೊಡ್ಡ ಯಂತ್ರಗಳನ್ನು ಬೇಡುವುದಿಲ್ಲ. ಸಿದ್ದಿಗಳಿರುವ ಘಟ್ಟದ ಮಳೆಗಾಲದ ತೇವಕ್ಕೆ ಪ್ರಿಂಟಿನ ಜೆಲಟಿನ್ ಪದರ ಉಬ್ಬಿ ಬೂಷ್ಟು ಹಿಡಿಯುತ್ತದೆ, ಗಾಜಿನ ಕಟ್ಟಿನೊಳಗೆ ಇದ್ದರೆ ಗಾಜಿಗೇ ಅಂಟಿಕೊಳ್ಳುತ್ತದೆ; ಅಂಥದ್ದನ್ನು ಕಿತ್ತು ತೆಗೆಯಬಾರದು, ಗಾಜಿನ ಸಮೇತ ಪ್ರತಿ ತೆಗೆಯಬೇಕು. ಕಲಬುರಗಿ ಕಡೆಯ ಭೀಮೆಯ ಬಯಲಿನಲ್ಲಿ ತೊಂದರೆ ಬೇರೆ. ಅಲ್ಲಿನ ಬಿಸಿಲಿಗೆ ಬಣ್ಣದ ಪ್ರಿಂಟು ವರ್ಷ ವರ್ಷಕ್ಕೂ ಮಂಕಾಗುತ್ತ ಹೋಗುತ್ತದೆ. ಕಪ್ಪು-ಬಿಳುಪಿನದು ಹೆಚ್ಚು ಬಾಳುತ್ತದೆ. ಹಾಳೆಯ ಮೇಲೆ ಅಂಟುಪ್ಲಾಸ್ಟಿಕ್ ಹೊದಿಸಿದ ಆಲ್ಬಮ್ಮುಗಳು ಎರಡೂ ಕಡೆ ಅಪಾಯ. ಹೆಸರನ್ನು ಫೋಟೋದ ಬೆನ್ನಿಗೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಲ್ಲಿ ಹಗುರಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.

ಹೆಸರು ಕೇಳುವ ಕ್ರಮವೂ ಮುಖ್ಯ. ಸಂಗ್ರಾಹಕರು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸನ್ನು ಕೇಳಿ ಬರೆದುಕೊಳ್ಳುತ್ತಾರೆ. ಸೊಸೆಯಾಗಿ ಬಂದವಳು ಎರಡು ಮನೆಗಳ ಮುಖ ಬಲ್ಲವಳು, ಆಕೆಯ ಮಾತನ್ನೂ ಧ್ವನಿಯಲ್ಲೇ ದಾಖಲಿಸಬೇಕು. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಇಡಬೇಕು, ಯಾವುದು ಸರಿಯೆಂದು ಸಂಗ್ರಾಹಕ ತೀರ್ಪು ಕೊಡಬೇಕಿಲ್ಲ. ಮೂಲ ಫೋಟೋ ಮನೆಯಲ್ಲೇ ಇರಲಿ. ಒಂದು ಪ್ರತಿ ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ, ಇನ್ನೊಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗಲಿ. ಯಾವ ಫೋಟೋವನ್ನು ಹೊರಗಿನವರಿಗೆ ತೋರಿಸಬಾರದು ಎಂಬುದನ್ನು ಮನೆಯವರು ಪ್ರತಿ ಕೊಡುವ ದಿನವೇ ಬರೆಸಿಡಬೇಕು, ಮುಂದೆ ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯುವ ಹಕ್ಕೂ ಆ ಕಾಗದದಲ್ಲೇ ಇರಬೇಕು.