ಕೇಳಿದವರಿಗೆಲ್ಲ ಮುದ್ರಿಸಿಕೊಡುವ ಯಂತ್ರ

ಇಂದಿನ ವೈ-ಫೈ ಪ್ರಿಂಟರಿನ ಬೇರುಗಳಿರುವುದು ಅಮೆರಿಕದ ಪಾಲೋ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. 1971ರಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಅಲ್ಲಿ ಲೇಸರ್ ಪ್ರಿಂಟರನ್ನು ರೂಪಿಸಿದರು. ಕಂಪ್ಯೂಟರುಗಳನ್ನು ಒಂದೇ ತಂತಿಗೆ ಜೋಡಿಸುವ ಈಥರ್‌ನೆಟ್ ವ್ಯವಸ್ಥೆಯನ್ನು 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಸೂಚಿಸಿದರು. ದುಬಾರಿ ಯಂತ್ರವೊಂದನ್ನು ಹಲವರು ಹಂಚಿಕೊಳ್ಳುವುದು ಸುಲಭವಾಯಿತು. ಜಾಲದಲ್ಲಿದ್ದವರೆಲ್ಲ ಸಹೋದ್ಯೋಗಿಗಳೇ, ಮುದ್ರಿಸಲು ಹೇಳಿದವರು ಯಾರೆಂದು ವಿಚಾರಿಸುವ ಅಗತ್ಯ ಪ್ರಿಂಟರಿಗಿರಲಿಲ್ಲ.

1997ರಲ್ಲಿ ನಿಸ್ತಂತು ಜಾಲಕ್ಕೆ 802.11 ಎಂಬ ಮಾನದಂಡ ಬಂದಿತು. ಸಂಕೇತಗಳು ಗೋಡೆ ದಾಟಿದವು. ಎಷ್ಟೋ ಪ್ರಿಂಟರುಗಳ ಹಳೆಯ ಮುಗ್ಧತೆ ಮಾತ್ರ ಉಳಿಯಿತು. ಇಂಟರ್‌ನೆಟ್ಟಿಗೂ ಬಾಗಿಲು ತೆರೆದಿಟ್ಟರೆ ಏನಾಗುತ್ತದೆಂಬುದು 2018ರ ನವೆಂಬರಿನಲ್ಲಿ ತಿಳಿಯಿತು. ಯೂಟ್ಯೂಬ್ ವಾಹಿನಿಯೊಂದರ ಪ್ರಚಾರಪತ್ರವನ್ನು ಸುಮಾರು 50,000 ಪ್ರಿಂಟರುಗಳಿಗೆ ಕಳುಹಿಸಿದ್ದಾಗಿ ಅಪರಿಚಿತನೊಬ್ಬ ಹೇಳಿಕೊಂಡ.

ಹಾಳೆ ಪೋಲಾಗುವುದು ಸಣ್ಣ ನಷ್ಟ. ಕೆಲವು ಪ್ರಿಂಟರುಗಳ ಸ್ಮರಣೆಯಲ್ಲಿ ಉಳಿದ ಸಂಬಳದ ಪಟ್ಟಿ, ವೈದ್ಯರ ವರದಿಗಳೂ ಪರರ ಕೈ ಸೇರಬಹುದು. ಪ್ರಿಂಟರನ್ನು ಜೋಡಿಸಿದ ದಿನವೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಬೇಕು. ವೈ-ಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ರಕ್ಷಣೆ ಇರಬೇಕು. ಹೊರಗಿನ ಇಂಟರ್‌ನೆಟ್‌ನಿಂದ ನೇರ ಪ್ರವೇಶವನ್ನು ಮುಚ್ಚಬೇಕು. ತಯಾರಕರು ನೀಡುವ ತಿದ್ದುಪಡಿಗಳನ್ನು ಹಾಕಿಕೊಳ್ಳಬೇಕು. ಮಾರುವ ಮುನ್ನ ಸ್ಮರಣೆಯನ್ನು ಅಳಿಸಬೇಕು. ಪರಿಚಿತರ ನಡುವೆ ಹುಟ್ಟಿದ ಯಂತ್ರಕ್ಕೆ ಅಪರಿಚಿತರನ್ನು ಗುರುತಿಸಲು ಕಲಿಸುವ ಕೆಲಸ ಅದರ ಒಡೆಯನದೇ.