ಕಡಲಿನ ಸದ್ದು, ತಿಮಿಂಗಿಲದ ಸಾಕ್ಷ್ಯ



ಕತ್ತಲ ಕೋಣೆಯಲ್ಲಿ ನಾವು ಕೈಚಾಚಿ ದಾರಿ ತಡಕುತ್ತೇವೆ. ಬೆಳಕು ತಲುಪದ ಆಳಕಡಲಿನಲ್ಲಿ ಹಲ್ಲುಳ್ಳ ತಿಮಿಂಗಿಲಗಳು ತಡಕುವುದು ಸದ್ದಿನಿಂದ. ತಾವು ಹೊರಡಿಸಿದ ಸದ್ದು ಎದುರಿನ ವಸ್ತುವಿಗೆ ಬಡಿದು ಮರಳಿದಾಗ, ಆ ಮಾರ್ದನಿಯಿಂದಲೇ ಅವು ಬೇಟೆಯನ್ನು ಗುರುತಿಸುತ್ತವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮನುಷ್ಯನೂ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಇದೇ ಉಪಾಯಕ್ಕೆ ಕೈಹಾಕಿದ. ಅದೇ ಸೋನಾರ್.

ಈಗ 2000ದ ಮಾರ್ಚ್ 15ಕ್ಕೆ ಬನ್ನಿ. ಬಹಾಮಾಸ್ ದ್ವೀಪಗಳ ಬಳಿ ಅಮೆರಿಕದ ನೌಕಾಪಡೆಯ ಹಡಗುಗಳು ಸೋನಾರ್ ಬಳಸುತ್ತಾ ಅಭ್ಯಾಸ ನಡೆಸಿದ್ದವು. ಅಂದು ಮತ್ತು ಮರುದಿನ, ದ್ವೀಪಗಳ ದಡಗಳಲ್ಲಿ ಒಟ್ಟು 17 ತಿಮಿಂಗಿಲ ಜಾತಿಯ ಪ್ರಾಣಿಗಳು ಬಂದು ಸಿಕ್ಕಿಬಿದ್ದವು. ಹೆಚ್ಚಿನವು ಆಳಕ್ಕೆ ಮುಳುಗುವ, ತೀರದ ಬಳಿ ಅಪರೂಪವಾದ ಕೊಕ್ಕಿನ ತಿಮಿಂಗಿಲಗಳು.

ಅಲ್ಲಿನ ಅಬಾಕೋ ದ್ವೀಪದಲ್ಲಿದ್ದ ಕೆನ್ ಬಾಲ್ಕಂಬ್ ತಿಮಿಂಗಿಲಗಳ ಅಧ್ಯಯನಕಾರ. ಹಿಂದೆ ಅದೇ ನೌಕಾಪಡೆಯಲ್ಲಿದ್ದವರು. ಬದುಕಿದ್ದವನ್ನು ನೀರಿಗೆ ಮರಳಿಸಲು ಶ್ರಮಿಸಿದ ಅವರು, ಸತ್ತವುಗಳ ತಲೆಗಳನ್ನು ಕೆಡದಂತೆ ಫ್ರೀಜರಿನಲ್ಲಿ ಇರಿಸಿದರು. ತಲೆಗಳನ್ನು ಪರೀಕ್ಷಿಸಿದಾಗ ಕಿವಿಯ ಭಾಗದಲ್ಲಿ ರಕ್ತಸ್ರಾವ ಕಂಡಿತು. 2001ರ ಡಿಸೆಂಬರಿನಲ್ಲಿ ನೌಕಾಪಡೆಯೂ ಸೇರಿ ಹೊರತಂದ ಸರ್ಕಾರಿ ವರದಿಯೇ, ಹಡಗುಗಳ ಸೋನಾರ್ ಇದಕ್ಕೆ ಅತ್ಯಂತ ಸಂಭವನೀಯ ಕಾರಣ ಎಂದು ಒಪ್ಪಿತು. ಆ ತಲೆಗಳು ಬಿಸಿಲಿನಲ್ಲಿ ಕೊಳೆತುಹೋಗಿದ್ದರೆ?

2002ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲೂ ನೌಕಾಭ್ಯಾಸದ ವೇಳೆ 14 ಕೊಕ್ಕಿನ ತಿಮಿಂಗಿಲಗಳು ದಡ ಸೇರಿದವು. ಸತ್ತವುಗಳ ದೇಹದಲ್ಲಿ ಅನಿಲದ ಗುಳ್ಳೆಗಳಿದ್ದವು. ಆಳದಿಂದ ಆತುರವಾಗಿ ಮೇಲೇರುವ ಮುಳುಗುಗಾರರಿಗೂ ಹೀಗಾಗುತ್ತದೆ. ಸದ್ದಿಗೆ ಬೆದರಿ, ಮುಳುಗಿ ಏಳುವ ಸಹಜ ಲಯ ತಪ್ಪಿದ್ದೇ ಕಾರಣವಿರಬೇಕೆಂದು ವಿಜ್ಞಾನಿಗಳು ಊಹಿಸಿದರು.

2004ರಲ್ಲಿ ಸ್ಪೇನ್ ಆ ದ್ವೀಪಗಳ ಸುತ್ತ ಇಂಥ ಸೋನಾರನ್ನು ನಿಷೇಧಿಸಿತು. ಅದಕ್ಕೂ ಮುಂಚೆ ಅಲ್ಲಿ ಇಂಥ ಸಾಮೂಹಿಕ ಸಾವುಗಳು ಮತ್ತೆ ಮತ್ತೆ ಆಗಿದ್ದವು. ನಿಷೇಧದ ನಂತರ ಒಂದೂ ಆಗಿಲ್ಲವೆಂದು 2013ರಲ್ಲಿ ಅಲ್ಲಿನ ಸಂಶೋಧಕರು ಬರೆದರು.

ದಡ ಸೇರುವ ಪ್ರತಿ ತಿಮಿಂಗಿಲಕ್ಕೂ ಸೋನಾರೇ ಕಾರಣವಲ್ಲ. ರೋಗ, ದಾರಿ ತಪ್ಪುವುದು, ಹೀಗೆ ಬೇರೆ ಕಾರಣಗಳೂ ಉಂಟು. ದೇಶಕ್ಕೆ ರಕ್ಷಣೆಯೂ ಬೇಕು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯದ ಪ್ರಕರಣದಲ್ಲಿ ನೌಕಾಪಡೆಯ ಪರವಾಗಿಯೇ ತೀರ್ಪಿತ್ತಿತು. ಆದರೆ ಎಲ್ಲಿ ಅಭ್ಯಾಸ ಮಾಡಬಾರದು ಎಂದು ನಿರ್ಧರಿಸುವುದು ಸಾಧ್ಯವೆಂಬುದನ್ನು ಕ್ಯಾನರಿ ತೋರಿಸಿದೆ. ನೀವಿರುವ ದೇಶಕ್ಕೂ ಕಡಲತೀರ ಇರಬಹುದು. ಅಲ್ಲಿ ಈ ನಿಯಮ ಹೇಗಿದೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ.