ಪಿಕಪ್ ಕ್ಯಾಬಿನ್ ಒಳಗ ಮಳೆ ನೀರು: ಹನಿಯೋ ಜಾಗ ಬೇರೆ, ಸೋರೋ ಜಾಗ ಬೇರೆ

ಮಂಗಳೂರು (ಕುಕನೂರು): ಕರಾವಳಿಯ ಮಂಗಳೂರಿಗೆ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮ ಮಂಗಳೂರು ಇರುವ ಕೊಪ್ಪಳ ಜಿಲ್ಲೆಗೆ ಬೀಳೋದು 600 ಮಿ.ಮೀ. ಆಸುಪಾಸು. ಇಷ್ಟು ಕಡಿಮೆ ಮಳೆಯಲ್ಲಿ ಗಾಡಿ ಸೋರೋದಾದ್ರೂ ಯಾಕೆ ಅಂತ ಕೇಳಬಹುದು. ಕಾರಣ ಮಳೆ ಅಲ್ಲ, ಬಿಸಿಲು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಗ್ಲಾಸಿನ ರಬ್ಬರು ಒಣಗಿ ಬಿರುಕು ಬಿಡುತ್ತದೆ. ಎರಿ ಹೊಲದ ಧೂಳು ನೀರು ಹರಿಯುವ ಸಂದಿಗಳಲ್ಲೆಲ್ಲ ಕೂರುತ್ತದೆ. ಇದು ಗೊತ್ತಾಗೋದು ಮಿರಗ ಮಳೆಗೆ ಕಾಲಡಿಯ ಮ್ಯಾಟ್ ಹಸಿಯಾದಾಗ. ಮುಂದೆ ಒಂದಷ್ಟು ದಿನ ಮಳೆ ನಿಂತರೆ ಅದೂ ಮರೆತುಹೋಗುತ್ತದೆ. ಆಮೇಲೆ ಉತ್ತರಿ, ಹಸ್ತಿ ಮಳೆ ಹೊಡೆಯುವ ಹೊತ್ತಿಗೆ ಉಳ್ಳಾಗಡ್ಡಿ ಸೀಸನ್. ಬಾಡಿಗೆ ಬಿಟ್ಟು ಗಾಡಿ ನಿಲ್ಲಿಸೋಕೆ ಯಾರಿಗೂ ಪುರಸೊತ್ತಿರಲ್ಲ.

ಸೀಟು ಒದ್ದೆಯಾದರೆ ಒಂದು ಟವೆಲ್ ಹಾಸಿ ಕೂತ್ಕೋಬಹುದು, ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ವೈರಿಂಗ್. ಸಾಕಷ್ಟು ಪಿಕಪ್‌ಗಳಲ್ಲಿ ಫ್ಯೂಸ್ ಬಾಕ್ಸ್ ಇರೋದು ಡ್ಯಾಶ್‌ಬೋರ್ಡಿನ ಕೆಳಗೆ, ನೀರು ಇಳಿಯೋದೂ ಅದೇ ದಾರಿಯಲ್ಲಿ. ಫ್ಯೂಸಿನ ಕಾಲುಗಳಿಗೆ ಹಸಿರು ಕಿಲುಬು ಹಿಡಿದರೆ ಮೊದಲು ಹಾರ್ನ್ ಕೈಕೊಡಬಹುದು, ಆಮೇಲೆ ವೈಪರ್, ಒಂದು ರಾತ್ರಿ ಹೆಡ್‌ಲೈಟ್. ಗದಗ ಮಾರ್ಕೆಟ್ಟಿಗೆ ಮಾಲು ಹೇರಿಕೊಂಡು ಹೊರಟ ಗಾಡಿಗೆ ಬನ್ನಿಕೊಪ್ಪದ ಹತ್ತಿರ ಹೆದ್ದಾರಿಯಲ್ಲಿ, ಅದೂ ಮಳೆಯಲ್ಲಿ, ಲೈಟು ಹೋದರೆ ಏನಾಗುತ್ತದೆ ಅಂತ ಚಾಲಕರಿಗೆ ಬಿಡಿಸಿ ಹೇಳಬೇಕಿಲ್ಲ. ಮ್ಯಾಟಿನ ಅಡಿಯ ಫೋಮ್ ಒಮ್ಮೆ ನೀರು ಕುಡಿದರೆ ವಾರಗಟ್ಟಲೆ ಒಣಗಲ್ಲ. ಅದರ ಕೆಳಗಿನ ತಗಡು ಒಳಗಿಂದೊಳಗೇ ತುಕ್ಕು ತಿನ್ನುತ್ತಾ ಹೋಗುತ್ತದೆ. ಆ ತೇವಕ್ಕೆ ಮುಂದಿನ ಗ್ಲಾಸಿಗೆ ಮಂಜು ಕಟ್ಟಿ ರಸ್ತೆಯೂ ಕಾಣಲ್ಲ.

ಮೊದಲು ಇದು ಮಳೆ ನೀರೇನಾ?

ಒಳಗೆ ಕಂಡ ನೀರೆಲ್ಲ ಮಳೆ ನೀರಲ್ಲ. ಎ.ಸಿ. ಇರುವ ಗಾಡಿಯಲ್ಲಿ ನೀರು ಹೊರಹೋಗುವ ಪೈಪು ಕಟ್ಟಿಕೊಂಡರೆ ಕ್ಲೀನರ್ ಕೂರುವ ಕಡೆ ತಿಳಿನೀರು ಇಳಿಯುತ್ತದೆ. ಮಳೆ ಇಲ್ಲದ ದಿನ ಎ.ಸಿ. ಹಾಕಿದಾಗ ಮಾತ್ರ ಬಂದರೆ ಅದೇ ಅಂತ ತಿಳಿಯಬೇಕು. ಬಣ್ಣ ಇದ್ದು, ಬೆರಳಿಗೆ ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಇಳಿದ ಕೂಲಂಟ್. ರೇಡಿಯೇಟರ್ ಮಟ್ಟವೂ ಇಳಿದಿರುತ್ತದೆ. ಪೆಡಲ್‌ಗಳ ಹತ್ತಿರ ಎಣ್ಣೆಯಂಥ ಜಿಡ್ಡು ಕಂಡರೆ ಬ್ರೇಕ್ ಅಥವಾ ಕ್ಲಚ್ ಆಯಿಲ್ ಇರಬಹುದು. ಹಾಗಿದ್ದರೆ ಗಾಡಿ ತೆಗೀಬಾರದು, ಮೆಕ್ಯಾನಿಕ್‌ನನ್ನು ಗಾಡಿ ಇದ್ದಲ್ಲಿಗೇ ಕರೆಸಬೇಕು.

ಇದ್ಯಾವುದೂ ಅಲ್ಲ, ಮಳೆ ಬಂದಾಗ್ಲೇ ಬರ್ತೈತಿ ಅಂದ್ರೆ ಹುಡುಕಾಟ ಶುರು ಮಾಡಬಹುದು.

ಪೈಪು ಹಿಡಿದು ಹುಡುಕುವ ರೀತಿ

ನೀರು ಒಳಬಂದ ಜಾಗದಲ್ಲೇ ಹನಿಯಲ್ಲ. ಟಾಪಿನ ಒಂದು ಸ್ಕ್ರೂ ತೂತಿನಿಂದ ಇಳಿದ ನೀರು ಒಳಗಿನ ರೆಕ್ಸಿನ್ ಹಿಂದೆ ಹರಿದು, ಬಾಗಿಲ ಕಂಬದೊಳಗೆ ಇಳಿದು, ಕಾಲಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ನೋಡಿದವರು ಬಾಗಿಲ ರಬ್ಬರ್ ಹೋಗಿದೆ ಅಂತ ಹೊಸದು ಹಾಕಿಸ್ತಾರೆ. ರೊಕ್ಕ ಹೋಗುತ್ತೆ, ಸೋರೋದು ನಿಲ್ಲಲ್ಲ.

ಹಾಗಾಗಿ ಮೊದಲು ಎಲ್ಲವನ್ನೂ ಒಣಗಿಸಬೇಕು. ಮ್ಯಾಟು, ಫೋಮು ತೆಗೆದು ಬಿಸಿಲಿಗೆ ಹಾಕಿ, ನೆಲದ ತಗಡು ಬಟ್ಟೆಯಿಂದ ಒರೆಸಿ, ಅನುಮಾನ ಇರೋ ಕಡೆಯೆಲ್ಲ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಬೇಕು. ನೀರು ಹರಿದರೆ ಪೌಡರಿನ ಮೇಲೆ ಗೆರೆ ಮೂಡುತ್ತದೆ. ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ಇಬ್ಬರು ಬೇಕು. ಒಬ್ಬರು ಮೊಬೈಲ್ ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಸಾದಾ ಪೈಪು ಹಿಡಿದು ಹೊರಗೆ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಗನ್ ಬೇಡ. ಅದರ ರಭಸಕ್ಕೆ ಮಳೆಯಲ್ಲಿ ಸೋರದ ಜಾಗವೂ ಸೋರಿ ದಾರಿ ತಪ್ಪಿಸುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಬರಬೇಕು: ಬಾಗಿಲ ಕೆಳಭಾಗ, ಬಾಗಿಲ ಗ್ಲಾಸು, ಮುಂದಿನ ಗ್ಲಾಸಿನ ಕೆಳಅಂಚು, ಅದರ ಎರಡು ಬದಿ, ಮೇಲಂಚು, ಹಿಂದಿನ ಗ್ಲಾಸು, ಕೊನೆಗೆ ಟಾಪ್. ಒಂದೊಂದು ಕಡೆ 5ರಿಂದ 10 ನಿಮಿಷ. ಅವಸರ ಮಾಡಿ ಮೊದಲೇ ಟಾಪಿನ ಮೇಲೆ ಸುರಿದರೆ ನೀರು ಎಲ್ಲ ಕಡೆ ಇಳಿದು ಯಾವುದು ಸೋರ್ತು ಅಂತ ಹೇಳೋಕಾಗಲ್ಲ. ಒಂದು ಜಾಗ ಸಿಕ್ಕಿತು ಅಂತ ನಿಲ್ಲಿಸಲೂಬಾರದು. ಹಳೇ ಗಾಡಿಯಲ್ಲಿ ಎರಡು, ಮೂರು ತೂತು ಇರೋದು ಸಾಮಾನ್ಯ.

ಪೈಪಿಗೆ ಏನೂ ಸಿಗದೆ, ಓಡಿಸುವಾಗ ಮಾತ್ರ ನೀರು ಬಂದರೆ ಚಕ್ರ ಎರಚುವ ನೀರನ್ನು ಅನುಮಾನಿಸಬೇಕು. ನೆಲದ ತಗಡಿನ ತೂತುಗಳಿಗೆ ಹಾಕಿದ ರಬ್ಬರ್ ಮುಚ್ಚಳ ಬಿದ್ದುಹೋಗಿದ್ದರೆ ಕೆಳಗಿನಿಂದ್ಲೇ ಬರುತ್ತದೆ. ಗಾಡಿ ಯಾವ ಕಡೆ ಇಳಿಜಾರಾಗಿ ನಿಂತಿತ್ತು ಅನ್ನೋದನ್ನೂ ನೆನಪಿಟ್ಟುಕೊಳ್ಳಬೇಕು. ಮನೆ ಮುಂದೆ ಸೋರದ ಗಾಡಿ ಏರಿನಲ್ಲಿ ನಿಲ್ಲಿಸಿದಾಗ ಸೋರಬಹುದು.

ಹೆಚ್ಚಾಗಿ ಸಿಕ್ಕಿಬೀಳುವ ಜಾಗಗಳು

ನಮ್ಮ ಕಡೆ ಮೊದಲ ಅನುಮಾನ ಕ್ಯಾರಿಯರ್ ಮೇಲೆ. ಗಾಡಿ ತಂದ ವಾರದಲ್ಲೇ ಕ್ಯಾಬಿನ್ ಟಾಪಿಗೆ ಕ್ಯಾರಿಯರ್, ದೇವರ ಹೆಸರಿನ ಬೋರ್ಡ್, ಎಲ್‌ಇಡಿ ಲೈಟು, ಬಾವುಟದ ಕಂಬಿ ಎಲ್ಲ ಬರುತ್ತವೆ. ಒಂದೊಂದಕ್ಕೂ ಡ್ರಿಲ್ ಹಾಕಿ ತೂತು. ಕೆಳಗೆ ರಬ್ಬರ್ ವಾಷರ್ ಇಲ್ಲದೆ ಬೋಲ್ಟ್ ಬಿಗಿದರೆ ಒಂದೆರಡು ವರ್ಷದಲ್ಲಿ ಅಲುಗಾಟಕ್ಕೆ ತೂತು ಅಗಲವಾಗುತ್ತದೆ, ಪೇಂಟ್ ಎದ್ದು ತುಕ್ಕು ಹಿಡಿಯುತ್ತದೆ. ಕ್ಯಾರಿಯರ್ ಬಿಚ್ಚದೆ ಬೋಲ್ಟಿನ ಸುತ್ತ ಏನೋ ಮೆತ್ತಿದರೆ ಪ್ರಯೋಜನ ಕಡಿಮೆ. ಬಿಚ್ಚಿ, ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ರಬ್ಬರ್ ವಾಷರ್ ಹಾಕಿಯೇ ಕೂರಿಸಬೇಕು.

ಇದರ ಜೊತೆಗೆ ತಾಡಪತ್ರಿ. ಮಾಲಿನ ಮೇಲೆ ಹೊದಿಸಿದ ತಾಡಪತ್ರಿಯ ಮುಂದಿನ ಅಂಚು ಕ್ಯಾಬಿನ್ ಹಿಂಬದಿಗೆ ಇಳಿಬಿದ್ದಿದ್ದರೆ ಅದರ ಮೇಲೆ ಬಿದ್ದ ಮಳೆಯಲ್ಲಿ ಸಾಕಷ್ಟು ಪಾಲು ಹಿಂದಿನ ಗ್ಲಾಸಿನ ರಬ್ಬರಿಗೆ ಬಂದು ಹೊಡೆಯುತ್ತದೆ. ಖಾಲಿ ಗಾಡಿ ಸೋರಲ್ಲ, ಲೋಡ್ ಇದ್ದಾಗ ಸೀಟಿನ ಹಿಂದೆ ಒದ್ದೆ ಅನ್ನುವವರು ಹಗ್ಗ ಕಟ್ಟುವ ರೀತಿ ಬದಲಿಸಿ ನೋಡಬಹುದು. ನೀರು ಎರಡು ಬದಿಗೆ ಇಳಿಯುವಂತೆ ನಡುವೆ ಎತ್ತರ ಕೊಟ್ಟು ಕಟ್ಟಿದರೆ ಸಾಕು, ರೊಕ್ಕವೂ ಬೇಕಿಲ್ಲ.

ಮುಂದಿನ ಗ್ಲಾಸು ಎರಡು ನಮೂನೆ. ಕೆಲವಕ್ಕೆ ಸುತ್ತ ದಪ್ಪ ರಬ್ಬರ್ ಬೀಡಿಂಗ್, ಕೆಲವಕ್ಕೆ ಗಟ್ಟಿ ಅಂಟು. ಗ್ಲಾಸ್ ಒಡೆದಾಗ ಹಳೇ ಬೀಡಿಂಗ್‌ನಲ್ಲೇ ಹೊಸ ಗ್ಲಾಸ್ ಕೂರಿಸಿದ್ದರೆ ಮೂಲೆಗಳಲ್ಲಿ ಸೋರುವ ಸಂಭವ ಜಾಸ್ತಿ. ಬೀಡಿಂಗ್ ತುಟಿ ಎತ್ತಿ ನೋಡಿದಾಗ ತಗಡು ಕೆಂಪಾಗಿದ್ದರೆ ಗ್ಲಾಸ್ ತೆಗೆಸಿ ತುಕ್ಕಿನ ಕೆಲಸ ಮಾಡಿಸಲೇಬೇಕು. ಅಂಟಿನ ಗ್ಲಾಸನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸೋಕೆ ಹೋಗಬಾರದು, ಒಡೆಯುತ್ತದೆ.

ಬಾಗಿಲ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಬಾಗಿಲೊಳಗೆ ನೀರು ಇಳಿಯೋದು ತಪ್ಪಲ್ಲ, ಗ್ಲಾಸಿನ ಪಕ್ಕದಿಂದ ಇಳಿದೇ ಇಳಿಯುತ್ತದೆ. ಅದು ಹೊರಹೋಗಲಿ ಅಂತ ಕೆಳಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಎರಿ ಮಣ್ಣು ಒಮ್ಮೆ ಅಲ್ಲಿ ಕೂತು ಒಣಗಿದರೆ ಸಿಮೆಂಟಿನಂಗ ಆಗ್ತೈತಿ. ಬಾಗಿಲು ಆಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಕಸಬರಿಗೆ ಕಡ್ಡಿ ಹಾಕಿ ತೂತು ಬಿಡಿಸಬೇಕು. ಬಾಗಿಲ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ನೀರು ಒಳಗೆ ಬರದಂತೆ ತಡೆಯೋದು ಅದೇ. ಸ್ಪೀಕರ್ ಕೂರಿಸುವಾಗ ಅದನ್ನು ಹರಿದು ಬಿಸಾಕುವುದುಂಟು. ಹೊಸ ದಪ್ಪ ಪ್ಲಾಸ್ಟಿಕ್ ಅಂಟಿಸಿದರೆ ಕೆಲಸ ಮುಗೀತು. ಬಾಗಿಲ ರಬ್ಬರ್ ನೋಡಲು ಹತ್ತು ರೂಪಾಯಿ ನೋಟು ಸಾಕು. ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆದಾಗ ಬಿಗಿ ಇಲ್ಲದೆ ಜಾರಿ ಬಂದರೆ ಅಲ್ಲಿ ರಬ್ಬರ್ ಕೂತಿಲ್ಲ.

ಬೇವಿನ ಮರದಡಿ ಗಾಡಿ ನಿಲ್ಲಿಸುವವರು ವೈಪರ್ ಕೆಳಗಿನ ಜಾಲರಿ ನೋಡಲಿ. ಎಲೆ, ಹೂವು ಕೊಳೆತು ದಾರಿ ಮುಚ್ಚಿದರೆ ನೀರು ನಿಂತು ಗಾಳಿ ಬರುವ ತೂತಿನಿಂದ ಒಳಗಿಳಿಯುತ್ತದೆ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ಹೊಸ ಹಾರ್ನು, ಫಾಗ್ ಲೈಟಿಗೆ ಅಂತ ವೈರ್ ತೂರಿಸಿದ ಜಾಗವೂ ಹೀಗೇ. ವೈರ್ ಹಿಡಿದೇ ನೀರು ಬರುತ್ತದೆ. ವೈರು ತೂತಿಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಬಳುಕಿ ಮೇಲೇರುವಂತೆ ಬಿಟ್ಟರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಏನು ಹಚ್ಚಬೇಕು?

ಸಿಕ್ಕಿದ್ದನ್ನೆಲ್ಲ ಹಚ್ಚೋದೇ ಮುಂದಿನ ತೊಂದರೆಗೆ ದಾರಿ. ಎಂ-ಸೀಲ್ ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ, ಅಲುಗಾಡುವ ತಗಡಿನ ಜಾಯಿಂಟಿನಲ್ಲಿ ಬಿರುಕು ಬಿಡುತ್ತದೆ. ವಿನೆಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಬರಿ ತಗಡಿಗೆ ತುಕ್ಕು ತರಿಸುತ್ತದೆ, ಅದರ ಮೇಲೆ ಪೇಂಟೂ ನಿಲ್ಲಲ್ಲ. ತಗಡಿನ ಜಾಯಿಂಟಿಗೆ ಪಿಯು ಸೀಲಂಟ್ ಕೇಳಿ ತರಬೇಕು. ಅದು ರಬ್ಬರಿನಂತೆ ಬಳುಕುತ್ತದೆ, ಮೇಲೆ ಪೇಂಟ್ ಹೊಡೆಯಬಹುದು. ಹಚ್ಚುವ ಜಾಗ ಪೂರ್ತಿ ಒಣಗಿರಬೇಕು, ಹಚ್ಚಬೇಕಾದದ್ದು ಹೊರಗಿನಿಂದ. ಒಳಗಿನಿಂದ ಹಚ್ಚಿದರೆ ನೀರು ಎರಡು ತಗಡಿನ ನಡುವೆ ನಿಂತು ಕೊಳೆಸುತ್ತದೆ. ಬಾಗಿಲ ಕೆಳಗಿನ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು.

ಫ್ಯೂಸ್ ಬಾಕ್ಸಿಗೆ ನೀರು ತಾಗಿದ್ದರೆ ಬ್ಯಾಟರಿಯ ಮೈನಸ್ ಬಿಚ್ಚಿ, ಒಣಗಿಸಿ, ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಪದೇ ಪದೇ ಫ್ಯೂಸ್ ಹೋಗ್ತೈತಿ ಅಂತ ದೊಡ್ಡ ಫ್ಯೂಸೋ ತಾಮ್ರದ ವೈರೋ ಹಾಕುವ ಚಾಳಿ ಇದೆ. ಫ್ಯೂಸ್ ಉಳಿಯುತ್ತೆ, ಒಳಗಿನ ವೈರು ಸುಡುತ್ತೆ. ಗಾಡಿಗೆ ಬೆಂಕಿ ಹತ್ತೋದು ಹಿಂಗ.

ವಾರಂಟಿ ಇನ್ನೂ ಇರುವ ಗಾಡಿ ಸೋರಿದರೆ ತೂತು ಹಾಕಿಸುವ ಮುಂಚೆ, ಏನೂ ಹಚ್ಚುವ ಮುಂಚೆ ಶೋರೂಮಿಗೆ ತೋರಿಸುವುದು ಒಳ್ಳೆಯದು. ನೀರು ಇಳಿಯುವಾಗಲೇ ವಿಡಿಯೋ ಮಾಡಿಟ್ಟುಕೊಂಡರೆ ವಾದಕ್ಕೆ ಜಾಗ ಇರಲ್ಲ. ಇನ್ಶೂರೆನ್ಸ್ ನಂಬಿ ಕೂರೋಕಾಗಲ್ಲ, ಸಾಮಾನ್ಯ ಪಾಲಿಸಿಯಲ್ಲಿ ಸವೆತದ ಖರ್ಚು ಸೇರಿರುವುದಿಲ್ಲ.

ರಿಪೇರಿ ಆದ ಮೇಲೆ ಸೀಲಂಟ್ ಒಣಗಲು ಒಂದು ದಿನ ಬಿಟ್ಟು, ಮತ್ತೆ ಪೈಪು ಹಿಡಿದು ಅದೇ ಜಾಗಕ್ಕೆ 10 ನಿಮಿಷ ನೀರು ಬಿಡಬೇಕು. ಮ್ಯಾಟು, ಫೋಮು ವಾಪಸ್ ಹಾಕೋದು ಪೌಡರ್ ಮೇಲೆ ಗೆರೆ ಮೂಡಲಿಲ್ಲ ಅಂತ ಖಾತ್ರಿ ಆದಮೇಲೆ.